ಅಪ್ಪ ಅಮ್ಮನ ಮನೆಗೆ ಎರಡು ಕ್ಯಾಮೆರಾ ಹಾಕಬೇಕು, ಯಾವ ಆ್ಯಪ್ ನಂಬಬಹುದು?

ದೂರದ ಮಗಳು
ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ಗೇಟಿಗೆ ಒಂದು, ಹಾಲ್‌ಗೆ ಒಂದು ಕ್ಯಾಮೆರಾ ಹಾಕೋಣ ಅಂತ ಅಣ್ಣ, ನಾನು ಮಾತಾಡಿಕೊಂಡಿದ್ದೇವೆ. ನಾವಿಬ್ಬರೂ ಇರುವುದು ಬೇರೆ ಬೇರೆ ಊರಲ್ಲಿ. ಕ್ಯಾಮೆರಾ ಹೇಗೋ ಆರಿಸಬಹುದು, ತಲೆ ಕೆಡಿಸಿರುವುದು ಆ್ಯಪ್. ಒಂದೇ ಥರ ಕಾಣುವ ನೂರೆಂಟು ಇವೆ. ಒಬ್ಬರು ಐದು ಸ್ಟಾರ್ ಕೊಟ್ಟಿರುತ್ತಾರೆ, ಅದರ ಕೆಳಗೇ ಇನ್ನೊಬ್ಬರು "ನೋಟಿಫಿಕೇಶನ್ ಬರುವುದೇ ಇಲ್ಲ" ಅಂತ ಬೈದಿರುತ್ತಾರೆ.

ನಮಗೆ ಬೇಕಾಗಿರುವುದು ಇಷ್ಟೇ. ನಮ್ಮಿಬ್ಬರ ಫೋನಲ್ಲೂ ಕಾಣಬೇಕು. ಯಾರಾದರೂ ಗೇಟಿನ ಹತ್ತಿರ ಬಂದರೆ ತಿಳಿಸಬೇಕು, ಬೆಕ್ಕು ಓಡಿದ್ದಕ್ಕೆಲ್ಲ ತಿಳಿಸಬಾರದು. ತಿಂಗಳ ಚಂದಾ ಇಲ್ಲದಿದ್ದರೆ ಒಳ್ಳೆಯದು. ಅಪ್ಪನಿಗೆ ರೂಟರ್ ಆಫ್ ಮಾಡಿ ಆನ್ ಮಾಡುವುದು ಬಿಟ್ಟು ಬೇರೇನೂ ಬರುವುದಿಲ್ಲ.

ಸುಮ್ನೆ ಬಂದೆ
ಅಪ್ಪನಿಗೆ ಅಷ್ಟು ಬಂದರೆ ಅರ್ಧ ರಿಪೇರಿ ಬಂದ ಹಾಗೆಯೇ ಬಿಡಿ.

ಕೀಲಿಕೈ
ಮೊದಲು ಆ್ಯಪ್ ಆರಿಸಿ, ಆಮೇಲೆ ಕ್ಯಾಮೆರಾ. ಎಲ್ಲರೂ ಉಲ್ಟಾ ಮಾಡುತ್ತಾರೆ. ಡಬ್ಬದ ಮೇಲೆ 4ಕೆ ಅಂತ ದೊಡ್ಡದಾಗಿ ಬರೆದಿರುತ್ತದೆ. ಆದರೆ ಮುಂದಿನ ಐದು ವರ್ಷ ನೀವು ಏಗಬೇಕಿರುವುದು ಆ್ಯಪ್ ಜೊತೆ. ಕೊಳ್ಳುವ ಮೊದಲು ಆ್ಯಪ್ ಇನ್‌ಸ್ಟಾಲ್ ಮಾಡಿ ನೋಡಿ, ಅದಕ್ಕೇನೂ ಖರ್ಚಿಲ್ಲ. ಎರಡು ಹಂತದ ಲಾಗಿನ್ ಇದೆಯಾ? ಮನೆಯವರನ್ನು ಅವರದ್ದೇ ಖಾತೆಯಿಂದ ಸೇರಿಸಲು ಬರುತ್ತದಾ, ಅಥವಾ ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಳ್ಳಬೇಕಾ? ಮೆಮೊರಿ ಕಾರ್ಡಿನ ರೆಕಾರ್ಡಿಂಗ್ ನೋಡಲೂ ಚಂದಾ ಕೇಳುತ್ತದಾ? ಕೊನೆಯ ಅಪ್‌ಡೇಟ್ ಬಂದದ್ದು ಯಾವಾಗ? ಮನುಷ್ಯರನ್ನು ಗುರುತಿಸುವ ಕೆಲಸ ಕ್ಯಾಮೆರಾದೊಳಗೇ ನಡೆಯುತ್ತದಾ, ಕಂಪನಿಯ ಸರ್ವರ್‌ನಲ್ಲಾ? ಸರ್ವರ್‌ನಲ್ಲಿ ಅಂದರೆ ಬಹುತೇಕ ಚಂದಾ ಅಂತಲೇ ಅರ್ಥ.

ಕಾಂಟ್ಯಾಕ್ಟ್ಸ್, ಎಸ್‌ಎಂಎಸ್ ಅನುಮತಿ ಕೇಳಿದರೆ ಅಲ್ಲೇ ಅಳಿಸಿ. ಕ್ಯಾಮೆರಾ ನೋಡಲು ಅವೆರಡೂ ಬೇಕಿಲ್ಲ.

ರಾತ್ರಿಪಾಳಿ
ಲೊಕೇಶನ್ ಕೂಡ ಕೇಳುತ್ತವಲ್ಲ, ಅದನ್ನು ನೀವು ಹೇಳಲೇ ಇಲ್ಲ. ಅದಂತೂ ಪಕ್ಕಾ ಬೇಹುಗಾರಿಕೆ.

ಕೀಲಿಕೈ
@ರಾತ್ರಿಪಾಳಿ ಅಷ್ಟು ನೇರ ಅಲ್ಲ. ಸುತ್ತ ಯಾವ ವೈಫೈ ಇದೆ ಅಂತ ಹುಡುಕಲು ಹಳೆಯ ಆಂಡ್ರಾಯ್ಡ್‌ಗಳಲ್ಲಿ ಲೊಕೇಶನ್ ಅನುಮತಿ ಬೇಕೇ ಬೇಕಿತ್ತು. ಆಂಡ್ರಾಯ್ಡ್ 13ರಲ್ಲಿ ಹತ್ತಿರದ ವೈಫೈ ಸಾಧನಗಳನ್ನು ಜೋಡಿಸಲು ಪ್ರತ್ಯೇಕ ಅನುಮತಿ ಬಂತು. ಸೆಟಪ್ ಮಾಡುವಾಗ ಕೊಟ್ಟು, ಮುಗಿದ ಮೇಲೆ ತೆಗೆದುಬಿಡಿ. "ಯಾವಾಗಲೂ ಅನುಮತಿಸಿ" ಅಂತ ಹಟ ಹಿಡಿದರೆ ಆಗ ಅನುಮಾನಪಡಿ.

ತಂತಿಬಾಲ
ಆ್ಯಪ್ ಆ್ಯಪ್ ಅಂತ ಯಾಕೆ ಒದ್ದಾಡುತ್ತೀರಿ? ಆರ್‌ಟಿಎಸ್‌ಪಿ (ವಿಡಿಯೋವನ್ನು ನೆಟ್‌ವರ್ಕ್‌ನಲ್ಲಿ ನೇರವಾಗಿ ಕಳಿಸುವ ವಿಧಾನ) ಮತ್ತು ಓಎನ್‌ವಿಐಎಫ್ ಅನ್ನುವ ಮಾನದಂಡ ಎರಡೂ ಇರುವ ಕ್ಯಾಮೆರಾ ತಗೊಳ್ಳಿ. ಆಗ ಯಾವ ಕಂಪನಿಯ ಆ್ಯಪ್‌ಗೂ ಕಟ್ಟುಬೀಳಬೇಕಿಲ್ಲ. ಓಎನ್‌ವಿಐಎಫ್ ಅನ್ನು 2008ರಲ್ಲಿ ಆ್ಯಕ್ಸಿಸ್, ಬಾಷ್, ಸೋನಿ ಸೇರಿ ಶುರು ಮಾಡಿದ್ದೇ ಇದಕ್ಕೆ, ಒಬ್ಬರ ಕ್ಯಾಮೆರಾ ಇನ್ನೊಬ್ಬರ ರೆಕಾರ್ಡರ್ ಜೊತೆ ಮಾತಾಡಲಿ ಅಂತ. ಒಂದು ಸಣ್ಣ ಕಂಪ್ಯೂಟರ್‌ನಲ್ಲಿ ಫ್ರಿಗೇಟ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ, ಹೋಮ್ ಅಸಿಸ್ಟೆಂಟ್ ಅನ್ನುವ ಮನೆ ನಿಯಂತ್ರಣದ ಸಾಫ್ಟ್‌ವೇರ್‌ಗೆ ಜೋಡಿಸಿ. ಮನುಷ್ಯ, ಬೆಕ್ಕು, ಕಾರು ಎಲ್ಲ ಬೇರೆ ಬೇರೆ ಗುರುತಿಸುತ್ತದೆ, ವಿಡಿಯೋ ಮನೆ ಬಿಟ್ಟು ಆಚೆ ಹೋಗುವುದಿಲ್ಲ. ವೈಫೈ ಬದಲು ಪಿಒಇ ಕೇಬಲ್ ಎಳೆಯಿರಿ. ಒಂದೇ ಕೇಬಲ್‌ನಲ್ಲಿ ಕರೆಂಟೂ ಬರುತ್ತದೆ, ನೆಟ್‌ವರ್ಕೂ ಬರುತ್ತದೆ, 100 ಮೀಟರ್‌ವರೆಗೆ ಎಳೆಯಬಹುದು. ಚಂದಾ ಇಲ್ಲ, ಯಾರ ಹಂಗೂ ಇಲ್ಲ.

ಸುಮ್ನೆ ಬಂದೆ
ರೂಟರ್ ಆಫ್, ಆನ್ ಮಾಡುವ ಅಪ್ಪನ ಮನೆಗೆ ಫ್ರಿಗೇಟ್ ಸರ್ವರ್. ಸರಿ ಹೋಯಿತು.

ಲೆಕ್ಕದ ಮೇಷ್ಟ್ರು
ತಂತಿಬಾಲ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದು ಅವರ ಮನೆಗೆ ಸರಿ. ಆ ಸರ್ವರ್ ನಿಂತುಹೋದರೆ ಸರಿಮಾಡಲು ಅಲ್ಲಿ ಯಾರಿದ್ದಾರೆ?

ತಂತಿಬಾಲ
ದೂರದಿಂದಲೇ ಲಾಗಿನ್ ಆಗಿ ಸರಿ ಮಾಡಬಹುದು ಸರ್. ಹೊರಗಿಂದ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ದಾರಿ ಮಾಡಿಕೊಡುವ ವಿಪಿಎನ್ ಇದ್ದರೆ ಆಯ್ತು.

ಲೆಕ್ಕದ ಮೇಷ್ಟ್ರು
ಆ ವಿಪಿಎನ್ ಓಡುತ್ತಿರುವುದೂ ಅದೇ ಸರ್ವರ್ ಮೇಲೆ ಅಲ್ವಾ?

ತಂತಿಬಾಲ
ಅದನ್ನು ರೂಟರ್ ಮೇಲೆ ಹಾಕಬಹುದು. ಇರಲಿ, ನಿಮ್ಮ ಮಾತು ಅರ್ಥವಾಯಿತು. ಆದರೂ ಕ್ಯಾಮೆರಾದಲ್ಲಿ ಆರ್‌ಟಿಎಸ್‌ಪಿ ಇರಲಿ ಅಂತ ಮತ್ತೆ ಹೇಳುತ್ತೇನೆ. ಇವತ್ತು ಬಳಸದೇ ಇದ್ದರೂ ನಾಳೆ ಕಂಪನಿ ಆ್ಯಪ್ ನಿಲ್ಲಿಸಿದರೆ ಕ್ಯಾಮೆರಾ ಕಸದ ಬುಟ್ಟಿಗೆ ಹೋಗುವುದಿಲ್ಲ. ಬ್ಯಾಟರಿ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಕೇಳಿ ತಗೊಳ್ಳಿ.

ಹಳೇ ಫೋನು
ಹೊಸ ಕ್ಯಾಮೆರಾ ಯಾಕೆ? ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನಿಗೆ ಆಲ್‌ಫ್ರೆಡ್ ಆ್ಯಪ್ ಹಾಕಿ ಕಿಟಕಿಗೆ ನಿಲ್ಲಿಸಿ. ಆಂಡ್ರಾಯ್ಡ್ ಆದರೆ ಐಪಿ ವೆಬ್‌ಕ್ಯಾಮ್ ಕೂಡ ಇದೆ, ಅದು ಮನೆಯ ನೆಟ್‌ವರ್ಕ್ ಒಳಗೇ ಓಡುತ್ತದೆ. ಕೆಲಸ ನಡೆಯುತ್ತದೆ.

ರಾತ್ರಿಪಾಳಿ
ಹಗಲಲ್ಲಿ ನಡೆಯುತ್ತದೆ. ಫೋನಿಗೆ ಇನ್‌ಫ್ರಾರೆಡ್ ದೀಪ ಇಲ್ಲ, ಕತ್ತಲಲ್ಲಿ ಬರೀ ಕಪ್ಪು. ಇನ್ನು ವರ್ಷಗಟ್ಟಲೆ ಚಾರ್ಜರ್‌ಗೆ ಹಾಕಿಯೇ ಇಟ್ಟರೆ ಬ್ಯಾಟರಿ ಊದಿಕೊಳ್ಳಬಹುದು. ವಯಸ್ಸಾದವರಿರುವ ಮನೆಯಲ್ಲಿ ಯಾರು ಅದನ್ನು ದಿನಾ ತೆಗೆದು ನೋಡುತ್ತಾರೆ? ಇದನ್ನು ಮಾತ್ರ ಮಾಡಬೇಡಿ. ನಾಲ್ಕು ದಿನ ಬೀಗ ಹಾಕಿ ಹೋಗುವಾಗ ತಾತ್ಕಾಲಿಕವಾಗಿಯೂ ಬೇಡ, ಚಾರ್ಜಿಂಗ್‌ನಲ್ಲಿರುವ ಫೋನನ್ನು ಬಿಟ್ಟು ಹೋಗುವ ಹೊತ್ತೇ ಅಲ್ಲ ಅದು.

ಕಿಟಕಿ ಗಾಜಿನ ಹಿಂದೆ ಮಾಮೂಲಿ ಸಿಸಿ ಕ್ಯಾಮೆರಾ ಇಡುವವರಿಗೂ ಒಂದು ಮಾತು. ರಾತ್ರಿ ಅದರ ಇನ್‌ಫ್ರಾರೆಡ್ ಬೆಳಕು ಗಾಜಿಗೆ ಬಡಿದು ವಾಪಸ್ ಬರುತ್ತದೆ, ಬಿಳಿ ಹೊಗೆ ಬಿಟ್ಟು ಏನೂ ಕಾಣುವುದಿಲ್ಲ. ದೇಹದ ಶಾಖ ನೋಡಿ ಎಚ್ಚರಿಸುವ ಪಿಐಆರ್ ಸೆನ್ಸರ್ ಕೂಡ ಗಾಜಿನಾಚೆ ಕೆಲಸ ಮಾಡುವುದಿಲ್ಲ, ಆ ಶಾಖದ ಕಿರಣಗಳನ್ನು ಗಾಜು ತಡೆಯುತ್ತದೆ. ಗೇಟಿನ ಕ್ಯಾಮೆರಾ ಹೊರಗೇ ಇರಬೇಕು.

ಜೇಡರಬಲೆ
ಹೊರಗಿಟ್ಟರೆ ನನ್ನ ಹೆಸರಿನವರು ಬರುತ್ತಾರೆ. ಇನ್‌ಫ್ರಾರೆಡ್ ದೀಪದ ಸುತ್ತ ಹುಳ ಸೇರುತ್ತದೆ, ಹುಳ ಹಿಡಿಯಲು ಜೇಡ ಲೆನ್ಸ್ ಮೇಲೇ ಬಲೆ ಕಟ್ಟುತ್ತದೆ. ಗಾಳಿಗೆ ಬಲೆ ಅಲ್ಲಾಡಿದಾಗಲೆಲ್ಲ ಫೋನ್ ಟಿಂಗ್ ಟಿಂಗ್. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಲು ಕೈಗೆಟಕುವ ಕಡೆ ಹಾಕಿ. ಇಲ್ಲದಿದ್ದರೆ ಕ್ಯಾಮೆರಾದ ದೀಪ ಆರಿಸಿ, ಗೇಟಿನ ಹತ್ತಿರ ಬೇರೆ ದೀಪ ಉರಿಸಿ.

ದೂರದ ಮಗಳು
ತುಂಬಾ ಥ್ಯಾಂಕ್ಸ್. ಸರ್ವರ್ ನಮ್ಮಿಂದ ಆಗುವ ಕೆಲಸ ಅಲ್ಲ ತಂತಿಬಾಲ ಅವರೇ, ಕ್ಷಮಿಸಿ. ಕಾರ್ಡ್ ಹಾಕುವ ಕ್ಯಾಮೆರಾ ಅಂತ ಯೋಚನೆ ಇದೆ. ಇನ್ನೊಂದು ಪ್ರಶ್ನೆ: ಕ್ಲೌಡ್ ಇಲ್ಲದಿದ್ದರೆ ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಏನು ಗತಿ? ಅಣ್ಣನ ವಾದ ಇದು. 128 ಜಿಬಿ ಕಾರ್ಡ್‌ನಲ್ಲಿ ಎಷ್ಟು ದಿನ ನಿಲ್ಲುತ್ತದೆ ಅಂತಲೂ ಹೇಳಿ.

ಹಳೇ ಫೋನು
128 ಅಂದರೆ ಒಂದು ತಿಂಗಳು ಆರಾಮಾಗಿ ಬರುತ್ತದೆ.

ಲೆಕ್ಕದ ಮೇಷ್ಟ್ರು
ಬರುವುದಿಲ್ಲ. 1080ಪಿ ವಿಡಿಯೋಗೆ ಸೆಕೆಂಡಿಗೆ 2 ಮೆಗಾಬಿಟ್ ಅಂತ ಇಟ್ಟುಕೊಳ್ಳಿ. ದಿನಕ್ಕೆ 86,400 ಸೆಕೆಂಡ್. ಗುಣಿಸಿ, ಬೈಟ್ ಮಾಡಲು 8ರಿಂದ ಭಾಗಿಸಿದರೆ ದಿನಕ್ಕೆ 21.6 ಜಿಬಿ. 128 ಜಿಬಿ ಕಾರ್ಡ್‌ನಲ್ಲಿ ಐದು ದಿನ ಚಿಲ್ಲರೆ. ವಿಡಿಯೋವನ್ನು ಇನ್ನೂ ಚಿಕ್ಕದು ಮಾಡಿ ಉಳಿಸುವ ಹೆಚ್.265 ಇದ್ದರೆ ಹತ್ತಿರ ಹತ್ತಿರ ಎರಡರಷ್ಟು. ನೀವು ಹೇಳುವ ತಿಂಗಳು ಬರಬೇಕಾದರೆ ಚಲನೆ ಕಂಡಾಗ ಮಾತ್ರ ರೆಕಾರ್ಡ್ ಅಂತ ಇಡಬೇಕು. ಅದರಲ್ಲಿ ಇನ್ನೊಂದು ತೊಂದರೆ, ಚಲನೆ ಗುರುತಿಸಿ ರೆಕಾರ್ಡ್ ಶುರುವಾಗುವಷ್ಟರಲ್ಲಿ ಬಂದವನ ಬೆನ್ನು ಮಾತ್ರ ಸಿಗುತ್ತದೆ. ಗೇಟಿನದ್ದಕ್ಕೆ ಇಪ್ಪತ್ನಾಲ್ಕು ಗಂಟೆಯೂ ಇಡಿ ಅನ್ನುವುದು ನನ್ನ ಅಭಿಪ್ರಾಯ.

ಕಾರ್ಡ್ ಕೊಳ್ಳುವಾಗ ಹೈ ಎಂಡ್ಯೂರೆನ್ಸ್ ಅಂತ ಬರೆದಿರುವುದನ್ನೇ ಕೊಳ್ಳಿ. ಮಾಮೂಲಿ ಕಾರ್ಡ್ ಮೇಲೆ ದಿನವಿಡೀ ಬರೆಯುತ್ತಿದ್ದರೆ ಅದು ಸದ್ದಿಲ್ಲದೆ ಸಾಯುತ್ತದೆ, ಬೇಕಾದ ದಿನ ನೋಡಿದರೆ ಖಾಲಿ.

ಕೀಲಿಕೈ
ಕಳ್ಳ ಕಿತ್ತುಕೊಂಡು ಹೋದರೆ ಕಾರ್ಡ್ ಹೋಗುತ್ತದೆ, ನಿಜ. ಆದರೆ ಎಚ್ಚರಿಕೆಯ ಜೊತೆ ಒಂದು ಫೋಟೋ ಫೋನಿಗೆ ಬಂದಿರುತ್ತದಲ್ಲ, ಆ ಆಯ್ಕೆ ಇರುವ ಆ್ಯಪ್ ನೋಡಿ. ಇನ್ನೊಂದು ದಾರಿ, ರೆಕಾರ್ಡಿಂಗ್ ಕ್ಯಾಮೆರಾದಲ್ಲಲ್ಲ, ಮನೆಯೊಳಗಿನ ಹಬ್ ಅನ್ನುವ ಬೇರೆ ಪೆಟ್ಟಿಗೆಯಲ್ಲಿ ಉಳಿಯುವ ಮಾದರಿ. ಅಣ್ಣನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಗೇಟಿನ ಕ್ಯಾಮೆರಾಗೆ ಕ್ಲೌಡ್ ಇದ್ದರೆ ನನಗೇನೂ ತಕರಾರಿಲ್ಲ, ಬೀದಿ ಹೇಗೂ ಎಲ್ಲರಿಗೂ ಕಾಣುತ್ತದೆ. ಹಾಲ್‌ನದ್ದು ಮಾತ್ರ ಯಾವ ಕಾರಣಕ್ಕೂ ಬೇಡ.

ರಾತ್ರಿಪಾಳಿ
ದೊಡ್ಡ ಕಂಪನಿ ಆದರೆ ಕ್ಲೌಡ್ ಭದ್ರವಾಗಿರುತ್ತದೆ ಅಲ್ವಾ? ಸುಮ್ನೆ ಹೆದರಿಸುವುದು ಜಾಸ್ತಿಯಾಯಿತು.

ಕೀಲಿಕೈ
ಹೆದರಿಸುತ್ತಿಲ್ಲ, ಸುದ್ದಿಯಲ್ಲಿ ಬಂದದ್ದನ್ನೇ ಹೇಳುತ್ತೇನೆ. 2024ರ ಫೆಬ್ರವರಿಯಲ್ಲಿ ಕ್ಯಾಮೆರಾ ಕಂಪನಿ ವೈಜ್‌ನ ಗ್ರಾಹಕರಲ್ಲಿ ಸುಮಾರು 13,000 ಜನರಿಗೆ ಬೇರೆಯವರ ಮನೆಯ ಚಿತ್ರ ಆ್ಯಪ್‌ನಲ್ಲಿ ಕಾಣಿಸಿತು. ಯಾರೂ ಹ್ಯಾಕ್ ಮಾಡಿದ್ದಲ್ಲ, ಸರ್ವರ್ ಬಿದ್ದು ಎದ್ದಾಗ ಆದ ಎಡವಟ್ಟು. 2022ರಲ್ಲಿ ಯೂಫಿ ಕ್ಯಾಮೆರಾಗಳ ಕಥೆ ಇನ್ನೊಂದು ಥರ. ಎಲ್ಲವೂ ಮನೆಯೊಳಗೇ ಉಳಿಯುತ್ತದೆ ಅಂತ ಹೇಳಿಕೊಂಡಿದ್ದರೂ ನೋಟಿಫಿಕೇಶನ್‌ನ ಚಿತ್ರಗಳು ಕ್ಲೌಡ್‌ಗೆ ಹೋಗುತ್ತಿದ್ದುದನ್ನು ಸಂಶೋಧಕರು ಪತ್ತೆ ಹಚ್ಚಿದರು. 2023ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ, ರಿಂಗ್ ಕ್ಯಾಮೆರಾ ಕಂಪನಿಯ ಮೇಲೆ ಹಾಕಿದ ಪ್ರಕರಣ 58 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ಗ್ರಾಹಕರ ಖಾಸಗಿ ವಿಡಿಯೋಗಳನ್ನು ಸಿಬ್ಬಂದಿ ನೋಡಲು ಬಿಟ್ಟಿದ್ದರು ಅನ್ನುವುದು ಅದರಲ್ಲಿದ್ದ ಒಂದು ಆರೋಪ. ಇವು ಯಾವುವೂ ಗಲ್ಲಿ ಕಂಪನಿಗಳಲ್ಲ.

ಕ್ಲೌಡ್ ಬೇಕೇ ಬೇಕು ಅಂದರೆ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ ಇರುವುದನ್ನು ನೋಡಿ. ಬೀಗದ ಕೈ ನಿಮ್ಮ ಫೋನಲ್ಲಿ ಮಾತ್ರ ಇರುತ್ತದೆ.

ಐಫೋನ್ ಅಕ್ಕ
ಆ್ಯಪಲ್‌ನ ಹೋಮ್‌ಕಿಟ್ ಸೆಕ್ಯೂರ್ ವಿಡಿಯೋ ಆ ಥರದ್ದು. ಮನೆಯಲ್ಲಿ ಹೋಮ್‌ಪಾಡ್ ಅಥವಾ ಆ್ಯಪಲ್ ಟಿವಿ ಇರಬೇಕು. ಮನುಷ್ಯರಾ, ಪ್ರಾಣಿಯಾ ಅಂತ ಗುರುತಿಸುವುದು ಅದರಲ್ಲೇ ಆಗಿ, ಆಮೇಲೆ ಎನ್‌ಕ್ರಿಪ್ಟ್ ಆಗಿ ಐಕ್ಲೌಡ್‌ಗೆ ಹೋಗುತ್ತದೆ, 10 ದಿನದ ರೆಕಾರ್ಡಿಂಗ್ ಇರುತ್ತದೆ. ಆದರೆ ಐಕ್ಲೌಡ್ ಚಂದಾ ಬೇಕು. ನೋಡುವವರೆಲ್ಲರ ಕೈಯಲ್ಲೂ ಐಫೋನ್ ಇರಬೇಕು.

ದೂರದ ಮಗಳು
ಅಣ್ಣನದು ಆಂಡ್ರಾಯ್ಡ್. ಅದು ಆಗಲಿಲ್ಲ ಅಕ್ಕಾ.

ಅಜ್ಜನ ಕನ್ನಡಕ
ಎಲ್ಲರೂ ಓದುತ್ತಾ ಬಂದೆ. ನನ್ನ ವಯಸ್ಸು ಎಪ್ಪತ್ತು ದಾಟಿದೆ, ನನ್ನ ಮಗ ಕೂಡ ಹಾಲ್‌ಗೆ ಕ್ಯಾಮೆರಾ ಹಾಕಿದ್ದಾನೆ. ಹಾಗಾಗಿ ಆ ಕಡೆಯಿಂದ ಒಂದು ಮಾತು. ಇಷ್ಟು ಹೊತ್ತು ಕಳ್ಳ, ಕಾರ್ಡ್, ಕ್ಲೌಡ್ ಎಲ್ಲ ಬಂತು. ಅಪ್ಪ ಅಮ್ಮನನ್ನು ಕೇಳಿದ್ದೀರಾ ಅಂತ ಒಬ್ಬರೂ ಕೇಳಲಿಲ್ಲವಲ್ಲಮ್ಮ.

ಬನಿಯನ್‌ನಲ್ಲಿ ಓಡಾಡುವ ಮನೆ ಅದು. ನಾನೂ ನನ್ನ ಹೆಂಡತಿಯೂ ಜಗಳ ಆಡುವುದು ಹಾಲ್‌ನಲ್ಲೇ. ಕ್ಯಾಮೆರಾ ಬಂದ ಮೇಲೆ ಜಗಳಕ್ಕೆ ಅಡುಗೆಮನೆಗೆ ಹೋಗುತ್ತಿದ್ದೆವು. ಒಂದು ದಿನ ಮಗ ಫೋನ್ ಮಾಡಿ "ಅಪ್ಪಾ, ಮಧ್ಯಾಹ್ನ ಯಾಕೆ ಮಾತ್ರೆ ತಗೊಳ್ಳಲಿಲ್ಲ" ಅಂದ. ಅವನ ಕಾಳಜಿ ಅರ್ಥವಾಗುತ್ತದೆ. ಆದರೂ ಆಮೇಲೆ ಟವೆಲ್ ತಂದು ಅದರ ಮೇಲೆ ಹೊದಿಸಿದೆ.

ಸುಮ್ನೆ ಬಂದೆ
ಟವೆಲ್! ಇದಕ್ಕಿಂತ ಒಳ್ಳೆಯ ಪ್ರೈವಸಿ ಸೆಟ್ಟಿಂಗ್ ಯಾವ ಆ್ಯಪ್‌ನಲ್ಲೂ ಇಲ್ಲ.

ದೂರದ ಮಗಳು
ಅಂಕಲ್, ಅಮ್ಮ ಒಮ್ಮೆ ಬಾತ್‌ರೂಮ್‌ನಿಂದ ಬರುವಾಗ ಜಾರಿ ಬಿದ್ದಿದ್ದರು. ಅಪ್ಪ ಮನೆಯಲ್ಲಿ ಇರಲಿಲ್ಲ. ಆ ಭಯಕ್ಕೆ ಹಾಲ್ ಕ್ಯಾಮೆರಾ. ಅವರಿಗೆ ಹೇಳಿದ್ದೇವೆ, "ನಿಮಗೆ ಸರಿ ಅನ್ನಿಸಿದರೆ ಹಾಕಿ" ಅಂದರು.

ಅಜ್ಜನ ಕನ್ನಡಕ
"ನಿಮಗೆ ಸರಿ ಅನ್ನಿಸಿದರೆ" ಅಂದರೆ ನಮಗೆ ಸರಿ ಅನ್ನಿಸಿಲ್ಲ ಅಂತಲೇ ಇರಬಹುದಮ್ಮ. ಇನ್ನೊಮ್ಮೆ ಕೇಳಿ ನೋಡಿ.

ಲೆಕ್ಕದ ಮೇಷ್ಟ್ರು
ಬಿದ್ದಾಗ ತಿಳಿಯಬೇಕು ಅನ್ನುವುದಕ್ಕೆ ಹಾಲ್ ಕ್ಯಾಮೆರಾ ಸರಿಯಾದ ಸಾಧನವೇ ಅಲ್ಲ ಅನ್ನಿಸುತ್ತದೆ. ಜಾರುವುದು ಬಾತ್‌ರೂಮ್‌ನಲ್ಲಿ, ಅಲ್ಲಿ ಕ್ಯಾಮೆರಾ ಹಾಕಲು ಆಗುವುದಿಲ್ಲ. ಬಿದ್ದದ್ದನ್ನು ಗುರುತಿಸಿ ತಾನೇ ಕರೆ ಮಾಡುವ ಕೈಗಡಿಯಾರಗಳಿವೆ, ಕೊರಳಿಗೆ ಹಾಕಿಕೊಳ್ಳುವ ಎಸ್‌ಒಎಸ್ ಬಟನ್ ಇದೆ. ಕ್ಯಾಮೆರಾ ಇದ್ದರೂ ನೀವು ಆಫೀಸಿನಲ್ಲಿ ಮೀಟಿಂಗ್‌ನಲ್ಲಿ ಇದ್ದರೆ ಯಾರು ನೋಡುತ್ತಾರೆ?

ರಾತ್ರಿಪಾಳಿ
ಇದು ನಾನು ಒಪ್ಪುವುದಿಲ್ಲ. ಫೋನ್ ಎತ್ತದೇ ಇದ್ದಾಗ ಒಂದು ಸಲ ಕ್ಯಾಮೆರಾ ತೆರೆದು, ಅಮ್ಮ ಸೋಫಾದಲ್ಲಿ ನಿದ್ದೆ ಮಾಡುತ್ತಿರುವುದು ಕಂಡರೆ ಸಿಗುವ ನೆಮ್ಮದಿ ಕೈಗಡಿಯಾರದಿಂದ ಸಿಗುವುದಿಲ್ಲ. ನನ್ನ ಅಮ್ಮನಿಗೆ ಈ ವಾಚ್ ಕೊಡಿಸಿದ್ದೇವೆ, ಅದು ಸದಾ ಬೀರುವಿನ ಮೇಲೆ ಇರುತ್ತದೆ.

ತಂತಿಬಾಲ
ಮಧ್ಯದ ದಾರಿ ಇದೆ. ಆ್ಯಪ್‌ನಲ್ಲಿ ಪ್ರೈವಸಿ ಮೋಡ್ ಅಂತ ಇರುತ್ತದೆ, ವೇಳಾಪಟ್ಟಿ ಕೂಡ ಹಾಕಬಹುದು. ಕೆಲವು ಕ್ಯಾಮೆರಾ ಆ ಮೋಡ್‌ನಲ್ಲಿ ಲೆನ್ಸನ್ನೇ ತಿರುಗಿಸಿ ಒಳಗೆ ಮುಚ್ಚಿಕೊಳ್ಳುತ್ತವೆ, ಎದುರಿಗಿರುವವರಿಗೆ ಕಣ್ಣಾರೆ ಗೊತ್ತಾಗುತ್ತದೆ. ಅದನ್ನೇ ಹುಡುಕಿ. ಇಲ್ಲದಿದ್ದರೆ ಹಾಲ್ ಕ್ಯಾಮೆರಾವನ್ನು ಸ್ವಿಚ್ ಇರುವ ಪ್ಲಗ್‌ಗೆ ಹಾಕಿ, ಸ್ವಿಚ್ ಅಪ್ಪನ ಕೈಯಲ್ಲಿರಲಿ. ಹೇಗೂ ಅವರಿಗೆ ಆಫ್, ಆನ್ ಬರುತ್ತದೆ. ಮೈಕ್ ಅಂತೂ ಆಫ್ ಮಾಡಿಯೇ ಇಡಿ.

ಅಜ್ಜನ ಕನ್ನಡಕ
ಸ್ವಿಚ್ ವಿಚಾರ ಒಪ್ಪಿದೆ. ಮಗನಿಗೆ ಇದನ್ನೇ ಕಳಿಸುತ್ತೇನೆ.

ಎದುರುಮನೆ
ಗೇಟಿನ ಕ್ಯಾಮೆರಾ ಎದುರುಮನೆಯ ಬಾಗಿಲಿಗೆ ತಿರುಗಿಸಬೇಡಿ ದಯವಿಟ್ಟು. ನಾನು ಅದರ ಎದುರಿಗಿರುವವನು. ಆ್ಯಪ್‌ನಲ್ಲಿ ಪ್ರೈವಸಿ ಝೋನ್ ಅಂತ ಕಪ್ಪು ಚೌಕ ಎಳೆಯಲು ಬರುತ್ತದೆ. ಯುರೋಪಿನಲ್ಲಂತೂ 2014ರಲ್ಲೇ ಅಲ್ಲಿನ ನ್ಯಾಯಾಲಯ, ಮನೆಯ ಕ್ಯಾಮೆರಾ ರಸ್ತೆಯನ್ನೂ ಚಿತ್ರಿಸಿದರೆ ಅದು ಬರೀ ಸ್ವಂತದ ವಿಷಯ ಆಗುವುದಿಲ್ಲ ಅಂತ ಹೇಳಿದೆ.

ಕೀಲಿಕೈ
ಒಳ್ಳೆಯ ಮಾತು. ಆ ಚೌಕ ನೋಟಿಫಿಕೇಶನ್‌ಗೂ ಉಪಯೋಗ. ರಸ್ತೆ ಭಾಗ ಮುಚ್ಚಿದರೆ ಹೋಗಿ ಬರುವ ಗಾಡಿಗಳಿಗೆಲ್ಲ ಫೋನ್ ಬಡಿದುಕೊಳ್ಳುವುದಿಲ್ಲ.

ದೂರದ ಮಗಳು
ಸರಿ, ಮನೆಯಲ್ಲಿ ಮಾತಾಡಿದೆ. ಅಮ್ಮ ಬಾಯಿಬಿಟ್ಟು ಬೇಡ ಅಂದರು, ಅಂಕಲ್ ಹೇಳಿದ್ದು ನಿಜ. ಈಗ ಗೇಟಿಗೆ ಮಾತ್ರ ಒಂದು. ಅಣ್ಣ ಕಾರ್ಡ್ ಹಾಕುವ ವೈಫೈ ಕ್ಯಾಮೆರಾ ತಂದು ಊರಿಗೆ ಹೋಗಿದ್ದಾನೆ. ಮಧ್ಯಾಹ್ನದಿಂದ ಆ್ಯಪ್ "ಕನೆಕ್ಟ್ ಆಗಲಿಲ್ಲ, ಮತ್ತೆ ಪ್ರಯತ್ನಿಸಿ" ಅನ್ನುತ್ತಿದೆ. ಕ್ಯೂಆರ್ ಕೋಡ್ ಕ್ಯಾಮೆರಾ ಮುಂದೆ ಹಿಡಿದು ಹಿಡಿದು ಅವನ ಕೈ ಸೋತಿದೆ.

ಜೇಡರಬಲೆ
5 ಗಿಗಾಹರ್ಟ್ಸ್. ಕಣ್ಣುಮುಚ್ಚಿ ಹೇಳುತ್ತೇನೆ.

ತಂತಿಬಾಲ
ಜೇಡರಬಲೆ ಹೇಳಿದ್ದೇ ಇರಬೇಕು. ಇಂಥ ಬಹುತೇಕ ಕ್ಯಾಮೆರಾಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕೇಳಿಸುತ್ತದೆ. ರೂಟರ್ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಫೋನ್ 5ರಲ್ಲಿ ಕೂತಿರುತ್ತದೆ, ಕ್ಯಾಮೆರಾ ತಡಕಾಡುತ್ತದೆ. ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ, ಅದನ್ನು 2.4ಕ್ಕೆ ಮಾತ್ರ ಇಡಿ, ಕ್ಯಾಮೆರಾ ಅದಕ್ಕೇ ಸೇರಿಸಿ. ಸೆಟಪ್ ಮುಗಿಯುವವರೆಗೆ ಫೋನೂ ಅದರಲ್ಲೇ ಇರಲಿ. ಇದರಿಂದ ಇನ್ನೊಂದು ಲಾಭ, ಕ್ಯಾಮೆರಾಗೆ ಅಪ್ಪನ ಫೋನು, ಕಂಪ್ಯೂಟರ್ ಕಾಣುವುದಿಲ್ಲ. ರೂಟರ್‌ನಲ್ಲಿ ವೈಫೈ ಭದ್ರತೆಗೆ ಡಬ್ಲ್ಯುಪಿಎ3 ಮಾತ್ರ ಅಂತ ಇದ್ದರೂ ಕೆಲವು ಸೇರುವುದಿಲ್ಲ, ಡಬ್ಲ್ಯುಪಿಎ2 ಕೂಡ ಇರಲಿ. ಫೋನಲ್ಲಿ ವಿಪಿಎನ್, ಮೊಬೈಲ್ ಡೇಟಾ ಎರಡನ್ನೂ ಆಫ್ ಮಾಡಲು ಹೇಳಿ.

ದೂರದ ಮಗಳು
ಬಂತು!! 2.4 ಗೆಸ್ಟ್ ಮಾಡಿದ ತಕ್ಷಣ ಬಂತು. ಜೇಡರಬಲೆ ಅವರಿಗೆ ನಮಸ್ಕಾರ.

ಕೀಲಿಕೈ
ಅಣ್ಣ ಅಲ್ಲಿಂದ ಹೊರಡುವ ಮೊದಲೇ ಇವನ್ನು ಮುಗಿಸಲಿ. ಖಾತೆಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್. ಎರಡು ಹಂತದ ಲಾಗಿನ್. ಆ್ಯಪ್ ಒಳಗೆ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್. ರೂಟರ್‌ನಲ್ಲಿ ಯುಪಿಎನ್‌ಪಿ (ಸಾಧನಗಳು ತಾವೇ ಹೊರಗಿನ ದಾರಿ ತೆರೆದುಕೊಳ್ಳುವ ಸೌಲಭ್ಯ) ಆಫ್. ಯಾರಾದರೂ ಪೋರ್ಟ್ ಫಾರ್ವರ್ಡ್ ಮಾಡು (ಅಂದರೆ ಕ್ಯಾಮೆರಾವನ್ನು ಇಂಟರ್ನೆಟ್‌ಗೆ ನೇರ ತೆರೆದಿಡು) ಅಂತ ಯೂಟ್ಯೂಬ್‌ನಲ್ಲಿ ಹೇಳಿದರೆ ಕೇಳಬೇಡಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹೀಗೆ ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿಯಿತು. ದೊಡ್ಡ ತಂತ್ರ ಏನಿಲ್ಲ, ಕಾರ್ಖಾನೆಯಿಂದ ಬಂದ ಅಡ್ಮಿನ್, 12345 ಥರದ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು. ಆ ಅಕ್ಟೋಬರ್‌ನಲ್ಲಿ ವೆಬ್‌ಸೈಟ್‌ಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ಅವೇ ಕ್ಯಾಮೆರಾಗಳಿಂದ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಎಷ್ಟೋ ಜನರಿಗೆ ತೆರೆಯಲೇ ಇಲ್ಲ. ಕ್ಯಾಮೆರಾ ಮಾಲೀಕರಿಗೆ ಅದರ ಸುಳಿವೂ ಇರಲಿಲ್ಲ.

ನಿಮ್ಮನ್ನು ಶೇರ್ ಮೂಲಕ ಸೇರಿಸಲಿ. ಮಾಲೀಕತ್ವದ ಖಾತೆ ಅಣ್ಣನದಾ, ಅಪ್ಪನದಾ ಅಂತ ಈಗಲೇ ತೀರ್ಮಾನಿಸಿ. ಒಮ್ಮೆ ಒಂದು ಖಾತೆಗೆ ಕಟ್ಟಿಕೊಂಡ ಕ್ಯಾಮೆರಾ, ಆ ಖಾತೆಯಿಂದ ಬಿಡಿಸದೆ ಬೇರೆಯವರಿಗೆ ಸೇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡವರೆಲ್ಲ ಒದ್ದಾಡುವುದು ಇಲ್ಲೇ.

ಎದುರುಮನೆ
ಖಾತೆ ಅಪ್ಪನ ಹೆಸರಲ್ಲೇ ಇರಲಿ. ಮನೆ ಅವರದ್ದು.

ಸುಮ್ನೆ ಬಂದೆ
ಓಟಿಪಿ ಬಂದಾಗ ಅಪ್ಪ ಅದನ್ನು ಯಾರಿಗೂ ಹೇಳುವುದಿಲ್ಲ ಅಂತ ಮಗನಿಗೂ ಹೇಳದೇ ಇದ್ದರೆ?

ಅಜ್ಜನ ಕನ್ನಡಕ
ಬ್ಯಾಂಕಿನವರು ನಮಗೆ ಅದನ್ನೇ ಕಲಿಸಿದ್ದು!

ದೂರದ ಮಗಳು
ಈಗ ಹೊಸ ಕಿರಿಕ್. ಅಣ್ಣನ ಫೋನಿಗೆ ನೋಟಿಫಿಕೇಶನ್ ತಕ್ಷಣ ಬರುತ್ತದೆ. ನನಗೆ ಬರುವುದೇ ಇಲ್ಲ, ಆ್ಯಪ್ ತೆರೆದಾಗ ಎಲ್ಲ ಒಟ್ಟಿಗೆ ಸುರಿಯುತ್ತದೆ. ನನ್ನದೂ ಆಂಡ್ರಾಯ್ಡೇ. ಇನ್ನೊಂದು, ಗೇಟಿನ ಹತ್ತಿರ ನಿಂತವರ ಮುಖ ಮಸುಕು. 1080ಪಿ ಅಂದರೆ ಸಾಕು ಅಂದುಕೊಂಡಿದ್ದೆವಲ್ಲ?

ರಾತ್ರಿಪಾಳಿ
ನೋಟಿಫಿಕೇಶನ್‌ಗೆ ಕಾರಣ ನಿಮ್ಮ ಫೋನಿನ ಬ್ಯಾಟರಿ ಉಳಿತಾಯ. ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಅದು ಮಲಗಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿಗೆ ಹೋಗಿ "ನಿರ್ಬಂಧ ಇಲ್ಲ" ಅಂತ ಮಾಡಿ. ಕೆಲವು ಫೋನ್‌ಗಳಲ್ಲಿ ಆಟೋಸ್ಟಾರ್ಟ್ ಅಂತ ಬೇರೆ ಕಡೆ ಇನ್ನೊಂದು ಬಟನ್ ಇರುತ್ತದೆ, ಅದೂ ಆನ್ ಇರಬೇಕು. ಆ ಒಂದು ಸ್ಟಾರ್ ರಿವ್ಯೂಗಳಲ್ಲಿ ಅರ್ಧ ಇದೇ ಇರಬೇಕು.

ಲೆಕ್ಕದ ಮೇಷ್ಟ್ರು
ಮುಖದ ವಿಚಾರ ಮತ್ತೆ ಲೆಕ್ಕ. ಅಪರಿಚಿತರ ಮುಖ ಸ್ಪಷ್ಟವಾಗಿ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು ಅಂತ ಸಿಸಿಟಿವಿ ಮಾನದಂಡದ 2014ರ ಆವೃತ್ತಿಯಲ್ಲಿ ಇತ್ತು. 1080ಪಿ ಚಿತ್ರದ ಅಗಲ 1920 ಪಿಕ್ಸೆಲ್, ಅಂದರೆ ಹೆಚ್ಚೆಂದರೆ 7.7 ಮೀಟರ್ ಅಗಲ ನೋಡಬಹುದು. ಲೆನ್ಸ್ 110 ಡಿಗ್ರಿ ಅಗಲದ್ದಾದರೆ ಅಷ್ಟು ಅಗಲ ಬರುವುದು 2.7 ಮೀಟರ್ ದೂರಕ್ಕೇ. ಅದರಾಚೆ ನಿಂತವರು ಯಾರೋ ಬಂದರು ಅನ್ನುವಷ್ಟು ಕಾಣುತ್ತಾರೆ, ಮುಖ ಕಷ್ಟ. ಇದು ಒಳ್ಳೆಯ ಬೆಳಕಿನ ಲೆಕ್ಕ, ರಾತ್ರಿ ಇನ್ನೂ ಕಡಿಮೆ. ನಿಮ್ಮ ಗೋಡೆಯಿಂದ ಗೇಟಿಗೆ ಎಷ್ಟು ದೂರ?

ದೂರದ ಮಗಳು
ಆರು ಮೀಟರ್ ಇರಬಹುದು.

ಲೆಕ್ಕದ ಮೇಷ್ಟ್ರು
ಹಾಗಾದರೆ ಗೇಟಿನ ಕಂಬಕ್ಕೆ ಹತ್ತಿರ ತನ್ನಿ, ಇಲ್ಲದಿದ್ದರೆ ಕಿರಿದಾದ ಕೋನದ ಲೆನ್ಸ್ ಇರುವುದಕ್ಕೆ ಬದಲಾಯಿಸಿ. ತುಂಬಾ ಎತ್ತರಕ್ಕೂ ಹಾಕಬೇಡಿ, ನೆತ್ತಿ ಮಾತ್ರ ಸಿಗುತ್ತದೆ.

ಜೇಡರಬಲೆ
ಕಂಬಕ್ಕೆ ಹಾಕುವುದಾದರೆ ಮೊದಲು ಫೋನ್ ಹಿಡಿದು ಅಲ್ಲಿ ನಿಂತು ವೈಫೈ ಎಷ್ಟು ಕಡ್ಡಿ ಬರುತ್ತದೆ ನೋಡಿ, ಆಮೇಲೆ ಡ್ರಿಲ್ ಎತ್ತಿ.

ತಂತಿಬಾಲ
ಕೇಬಲ್ ಎಳೆದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಹೇಳಬಾರದು ಅಂತಿದ್ದೆ, ಹೇಳಿಬಿಟ್ಟೆ. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಕೂಡ ಇರಲಿ, ಕರೆಂಟ್ ಹೋದಾಗ ಕ್ಯಾಮೆರಾಗೆ ಬ್ಯಾಟರಿ ಇದ್ದು ಏನು ಪ್ರಯೋಜನ, ರೂಟರ್ ಸತ್ತಿದ್ದರೆ?

ದೂರದ ಮಗಳು
ಬ್ಯಾಟರಿ ಸೆಟ್ಟಿಂಗ್ ಬದಲಿಸಿದ ಮೇಲೆ ನನಗೂ ನೋಟಿಫಿಕೇಶನ್ ಬರುತ್ತಿದೆ. ಕಂಬದ ಹತ್ತಿರ ಮೂರು ಕಡ್ಡಿ ಬರುತ್ತಿದೆಯಂತೆ, ನಾಳೆ ಬೆಳಗ್ಗೆ ಅಲ್ಲಿಗೆ ಸರಿಸುತ್ತಾನೆ. ಕಾರ್ಡ್ ಇನ್ನೂ ಹಾಕಿಲ್ಲ. ಕಂಪ್ಯೂಟರ್‌ನಲ್ಲಿ ಫಾರ್ಮ್ಯಾಟ್ ಮಾಡಿ ಹಾಕಬೇಕಾ?

ಲೆಕ್ಕದ ಮೇಷ್ಟ್ರು
ಬೇಡ, ಕ್ಯಾಮೆರಾಗೆ ಹಾಕಿ ಆ್ಯಪ್‌ನಿಂದಲೇ ಫಾರ್ಮ್ಯಾಟ್ ಮಾಡಿ. ಆಮೇಲೆ ಅಣ್ಣ ಗೇಟಿನ ಮುಂದೆ ಒಂದು ಸಲ ನಡೆಯಲಿ, ನೀವು ನಿಮ್ಮ ಊರಿಂದ ಮೊಬೈಲ್ ಡೇಟಾದಲ್ಲಿ ಆ ರೆಕಾರ್ಡಿಂಗ್ ತೆರೆದು ನೋಡಿ. ದಿನಾಂಕ, ಸಮಯ ಸರಿ ಇದೆಯಾ ಅಂತಲೂ ನೋಡಿ. ಟೈಮ್ ಝೋನ್ ತಪ್ಪಿದ್ದರೆ ಬೇಕಾದ ಗಳಿಗೆ ಹುಡುಕಲು ಆಗುವುದಿಲ್ಲ.

ಸುಮ್ನೆ ಬಂದೆ
ಮತ್ತೆ ಆ ಬೆಕ್ಕಿನ ವಿಚಾರ ಏನಾಯಿತು?

ದೂರದ ಮಗಳು
ಮನುಷ್ಯರು ಮಾತ್ರ ಅಂತ ಇಟ್ಟಿದ್ದೇವೆ. ಆದರೂ ನಿನ್ನೆ ರಾತ್ರಿ ಅದು ಕಾಂಪೌಂಡ್ ಮೇಲೆ ಕೂತಾಗ "ವ್ಯಕ್ತಿ ಕಂಡುಬಂದಿದ್ದಾರೆ" ಅಂತ ಬಂತು. ಸೆನ್ಸಿಟಿವಿಟಿ ಒಂದು ಮೆಟ್ಟಿಲು ಇಳಿಸಿದ್ದೇನೆ, ಇವತ್ತು ರಾತ್ರಿ ನೋಡಬೇಕು.